ಸಂಕ್ರಾಂತಿ ಕಳೀಲಿ ಅಂತಾರೆ

ಅಜ್ಜೀಪುರದ ಸದಾಶಿವಪ್ಪ ತನ್ನ ಆಯುಷ್ಯದಲ್ಲಿ ಒಬ್ಬರ ಮುಖಕ್ಕೂ 'ಇಲ್ಲ' ಎಂದವನಲ್ಲ. ಇದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ, ಆ ಸೀಮೆಯೇ ಹಾಗೆ. ಉಳುಮೆಗೆ ಎತ್ತು ಕೇಳಲು ಬಂದವನಿಗೆ ಕೊಡುವ ಮನಸ್ಸಿಲ್ಲದಿದ್ದರೆ 'ನಾಳೆ ನೋಡಾನ ಬಾ' ಎನ್ನುತ್ತಾರೆ. ಹೆಣ್ಣು ನೋಡಿ ಒಪ್ಪದವರು 'ಊರಿಗೆ ಓಗಿ ಏಳಿ ಕಳಿಸ್ತೀವಿ' ಎಂದು ಬಾಳೆಹಣ್ಣು ತಿಂದು ಎದ್ದು ಬರುತ್ತಾರೆ. ಕೇಳಿದವನು ಮಾರನೆಯ ದಿನ ಎತ್ತಿಗೆ ಹೋಗುವುದಿಲ್ಲ, ಹೆಣ್ಣಿನ ತಂದೆ ಬೇರೆ ಗಂಡು ಹುಡುಕುತ್ತಾನೆ. ಯಾರಿಗೂ ಮೋಸವಾಗುವುದಿಲ್ಲ. ಹೊಸ್ತಿಲಲ್ಲಿ ನಿಂತವರ ಮುಖ ಬಾಡಬಾರದು, ಅಷ್ಟೇ.

ಈ ಮರ್ಯಾದೆ ಒಬ್ಬ ಹೆಂಗಸಿನ ಬದುಕನ್ನು ತಿಂದು ಹಾಕಿತು. ತಿಂದವರೆಲ್ಲ ಒಳ್ಳೆಯವರು.

ಸದಾಶಿವಪ್ಪ ಕೊಳ್ಳೇಗಾಲದಲ್ಲಿ ಪಿಯುಸಿ ಓದಿ ಎರಡು ಸಲ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದವನು. ಹನೂರಿನಾಚೆ ಪಾಳುಬಿದ್ದಿದ್ದ ರೇಷ್ಮೆ ಗೂಡಿನ ಗೋಡೌನಿಗೆ ಸುಣ್ಣ ಬಳಿದು ಒಂದು ಟ್ರಸ್ಟಿನವರು ಮಾನಸಿಕ ಆಸ್ಪತ್ರೆ ತೆರೆದಾಗ ಅಲ್ಲಿ ಅಟೆಂಡರ್ ಆಗಿ ಸೇರಿಕೊಂಡ. ಬೆಳಿಗ್ಗೆ ವಾರ್ಡಿನ ಬೀಗ ತೆಗೆಯುವುದು, ಗಂಡಸರಿಗೆ ಸ್ನಾನ ಮಾಡಿಸುವುದು, ಮಾತ್ರೆ ನುಂಗಿದರೋ ದವಡೆಯಲ್ಲಿ ಬಚ್ಚಿಟ್ಟುಕೊಂಡರೋ ಎಂದು ಬಾಯಿ ತೆರೆಸಿ ನೋಡುವುದು ಅವನ ಕೆಲಸ. ಡಾಕ್ಟರುಗಳು ತಮ್ಮತಮ್ಮಲ್ಲಿ ಆಡುವ ಮಾತು ಕೇಳಿ ಕೇಳಿ, ಮೇಷ್ಟರುಗಳಿಂದ ಬಾರದಿದ್ದ ಇಂಗ್ಲಿಷು ಅವನಿಗೆ ಅಲ್ಲಿ ಬಂತು.

ಎಂಬತ್ತೇಳರ ಮಾರ್ಚಿನಲ್ಲಿ ಹಾಲೆಂಡಿನಿಂದ ಒಬ್ಬ ನರ್ಸು ಬಂದಳು. ಸಂಬಳವಿಲ್ಲದೆ ಎರಡು ವರ್ಷ ಸೇವೆ ಮಾಡುತ್ತೇನೆ ಎಂದು ಬರೆದುಕೊಟ್ಟು ಬಂದವಳು. ಇಪ್ಪತ್ತಾರು ವರ್ಷ, ಹೆಸರು ಹನ್ನೆಕೆ. ಸದಾಶಿವಪ್ಪ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದ. ಹನೂರು ಮುಟ್ಟುವಷ್ಟರಲ್ಲಿ ಅವಳು 'ಅನ್ನಕ್ಕ' ಆಗಿದ್ದಳು. ಮೊದಲ ದಿನ ರಾಗಿ ಮುದ್ದೆಯನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತ ಅರ್ಧ ಗಂಟೆ ಕೂತಳು. ಹೆಂಗಸರ ವಾರ್ಡಿನಲ್ಲಿ ಬಹಳ ದಿನದ ಮೇಲೆ ನಗು ಕೇಳಿಸಿತು.

ಕೆಟ್ಟವಳಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಅವಳು ಕೆಟ್ಟವಳಲ್ಲ. ಕಜ್ಜಿ ಹತ್ತಿದವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ತೊಳೆದವಳು. ಅವಳು ಬರುವವರೆಗೆ, ವಾಸಿಯಾದವರನ್ನು ಮನೆಗೆ ಕಳಿಸಬೇಕು ಎಂಬ ಮಾತೇ ಆ ಆಸ್ಪತ್ರೆಯಲ್ಲಿ ಹುಟ್ಟಿರಲಿಲ್ಲ. ನಮ್ಮ ಓದಿದ ಜನಕ್ಕೆ ಹೊಳೆಯದ್ದು, ಹೊಳೆದರೂ ಬೇಡವಾದದ್ದು, ಅವಳಿಗೆ ಒಂದು ವಾರದಲ್ಲಿ ಕಂಡಿತು. ಆದರೆ ಎರಡೇ ವರ್ಷದಲ್ಲಿ ಒಂದು ಸೀಮೆಯನ್ನು ಸರಿ ಮಾಡಿ ವಿಮಾನ ಹತ್ತಬಹುದು ಎಂದು ನಂಬಿದ್ದಳು. ಮಾತು ಕಲಿಯಲು ಪುರಸೊತ್ತಿರಲಿಲ್ಲ. ಮಾತಿಗೆ ಸದಾಶಿವಪ್ಪ ಇದ್ದನಲ್ಲ.

ಮೊದಲು ಹೋದದ್ದು ಶಾಗ್ಯಕ್ಕೆ. ಮೂರು ವರ್ಷದಿಂದ ಆಸ್ಪತ್ರೆಯಲ್ಲಿದ್ದು ವಾಸಿಯಾಗಿದ್ದ ಒಬ್ಬನ ಮನೆ. ಹುಚ್ಚಿನ ಮಾತು ಬಂದರೆ ಮಾತ್ರ ಸೀಮೆಯ ಮರ್ಯಾದೆ ನಿಲ್ಲುತ್ತಿರಲಿಲ್ಲ, ಅವನ ಅಜ್ಜಿ ಜಗಲಿಯಿಂದಲೇ ಶುರುಮಾಡಿದಳು.

"ಏನ್ಲಾ, ಈ ಬಿಳಿ ಮೂತಿಯವ್ಳನ್ನ ಎಲ್ಲಿಂದ ಇಡ್ಕಂಡು ಬಂದೆ? ಆ ಉಚ್ಚನ್ನ ತಿರ್ಗಾ ತಂದು ನಮ್ಮನೇಲಿ ಕೆಡವಾಕಾ? ಅಷ್ಟು ಅಕ್ಕರೆ ಇದ್ರೆ ಇವಳೇ ಮಡಿಕಳ್ಳಲಿ! ಓಗ್ಲಾ, ಓಗು!"

"ಅಜ್ಜಿ ಏನು ಹೇಳುತ್ತಿದ್ದಾರೆ?" ಎಂದು ಅನ್ನಕ್ಕ ಇಂಗ್ಲಿಷಿನಲ್ಲಿ ಕೇಳಿದಳು.

ಸದಾಶಿವಪ್ಪನಿಗೆ ಬೆವರು ಬಂತು. ಏಳು ಸಮುದ್ರ ದಾಟಿ ಬಂದ ಹೆಣ್ಣುಮಗಳಿಗೆ ಇದನ್ನು ಹೇಗೆ ಹೇಳುವುದು? "ಇಷ್ಟು ಬಿಸಿಲಲ್ಲಿ ಬಂದಿದ್ದೀರಿ, ದಣಿವಾಗಿರಬೇಕು ಅನ್ನುತ್ತಿದ್ದಾರೆ" ಎಂದ.

ಅನ್ನಕ್ಕನ ಕಣ್ಣು ತುಂಬಿ ಬಂತು. ಬಗ್ಗಿ ಮುದುಕಿಯ ಕಾಲು ಮುಟ್ಟಿದಳು. ಮುದುಕಿಯ ಬಾಯಲ್ಲಿ ಮುಂದಿನ ಬೈಗುಳ ಹಾಗೇ ನಿಂತುಹೋಯಿತು. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದಳು. ಎರಡು ತಿಂಗಳಲ್ಲಿ ಮೊಮ್ಮಗನನ್ನು ಕರೆಸಿಕೊಂಡಳು ಕೂಡ.

ಆ ಸುಳ್ಳು ಫಲಿಸಬಾರದಿತ್ತು. ಫಲಿಸಿದ್ದೇ ತಪ್ಪಾಯಿತು. ಅಲ್ಲಿಂದ ಸದಾಶಿವಪ್ಪ ಮನೆಮನೆಯಲ್ಲೂ ಹಾಗೇ ಮಾಡಿದ. 'ಸಾಯಲಿ ಅಲ್ಲೇ' ಅಂದರೆ 'ಯೋಚನೆ ಮಾಡಲು ಸಮಯ ಬೇಕಂತೆ' ಎಂದ. 'ನಾಯಿ ಬುಡ್ತೀನಿ' ಅಂದರೆ 'ಮನೆಯ ಹಿರಿಯರು ಊರಲ್ಲಿಲ್ಲವಂತೆ' ಎಂದ. ಆಫೀಸಿನ ಗೋಡೆಯಲ್ಲಿ ಅನ್ನಕ್ಕ ಒಂದು ದೊಡ್ಡ ಚಾರ್ಟು ಅಂಟಿಸಿದ್ದಳು. ಒಪ್ಪಿದ ಮನೆಗೆ ಹಸಿರು, ಯೋಚಿಸುತ್ತಿರುವ ಮನೆಗೆ ಹಳದಿ, ಒಲ್ಲದ ಮನೆಗೆ ಕೆಂಪು. ಒಂದೂವರೆ ವರ್ಷವಾದರೂ ಕೆಂಪು ಪೆನ್ಸಿಲ್ಲಿನ ಮೊನೆ ಸವೆಯಲಿಲ್ಲ. ದೊಡ್ಡ ಡಾಕ್ಟರು ಬಂದವರಿಗೆಲ್ಲ ಆ ಚಾರ್ಟು ತೋರಿಸಿ, "ನಮ್ಮ ಸದಾಶಿವಪ್ಪ ಹೋದರೆ ಕೆಲಸ ಆದ ಹಾಗೆ" ಎನ್ನುತ್ತಿದ್ದರು. ಹಸಿರು ಬಳಿಸಿಕೊಂಡ ಮನೆಗಳಲ್ಲಿ ಎಷ್ಟು ಜನ ಮತ್ತೆ ಕೊಟ್ಟಿಗೆಯ ಗೂಟಕ್ಕೆ ಕಟ್ಟಿಸಿಕೊಂಡರು ಎಂದು ತೋರಿಸಲು ಚಾರ್ಟಿನಲ್ಲಿ ಬಣ್ಣವೇ ಇರಲಿಲ್ಲ.

ಜೀಪಿನ ಡ್ರೈವರ್ ಮಾದು ಒಬ್ಬನಿಗೆ ಗೊತ್ತಾಗಿತ್ತು.

"ಅಣ್ಣ, ನಂಗೆ ಇಂಗ್ಲಿಷ್ ಬರಾಕಿಲ್ಲ ನಿಜ. ಆದ್ರೆ ಅವ್ರು ಬೈದಿದ್ದು ಮಾರುದ್ದ, ನೀನು ಏಳಿದ್ದು ಗೇಣುದ್ದ. ಮಿಕ್ಕಿದ್ದು ಎಲ್ಲೋಯ್ತು?"

"ಮಿಕ್ಕಿದ್ದು ನನ್ ಒಟ್ಟೇಲಿ ಅದೆ ಕಣ್ಲಾ. ನೀನು ಗಾಡಿ ಓಡ್ಸು."

ಇನ್ನು ಶಿವನಂಜಮ್ಮನ ವಿಷಯ. ಸತ್ತೇಗಾಲದವಳು. ಎಂಬತ್ಮೂರರಲ್ಲಿ ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ನಿದ್ದೆ ಬಿಟ್ಟಳು, ಮಗುವಿಗೆ ಮೊಲೆ ಕೊಡಲು ಹೆದರಿದಳು, ಒಂದು ಮಧ್ಯಾಹ್ನ ಕೂಸನ್ನು ಕಾಲುವೆ ಏರಿಯ ಮೇಲೆ ಮಲಗಿಸಿ ಎತ್ತಲೋ ನಡೆದುಬಿಟ್ಟಳು. ಗಂಡ ಶಿವಮಲ್ಲಪ್ಪ ಅವಳನ್ನು ಆಸ್ಪತ್ರೆಗೆ ತಂದು, 'ವಾರ ಬಿಟ್ಟು ಬತ್ತೀನಿ ಸಾ' ಎಂದು ಕೈಮುಗಿದು ಹೋದ. ಇಲ್ಲಿ ಯಾರೂ 'ಇಲ್ಲ' ಅನ್ನುವುದಿಲ್ಲವಲ್ಲ, ಹಾಗೆ. ಅವಳ ಕಾಯಿಲೆ ಒಂದು ವರ್ಷದಲ್ಲಿ ಪೂರಾ ಬಿಟ್ಟುಹೋಯಿತು. ಗಂಡ ಬರಲಿಲ್ಲ. ಆಸ್ಪತ್ರೆಯ ಅಡಿಗೆಮನೆ ಸೇರಿಕೊಂಡು ದಿನಕ್ಕೆ ಎರಡು ಹೊತ್ತು ಅರವತ್ತು ಜನರಿಗೆ ಮುದ್ದೆ ತಿರುವಿದಳು. ಕಾಯಿಲೆಯವಳು ಎಂಬ ಲೆಕ್ಕದಲ್ಲೇ ಇದ್ದುದರಿಂದ ಯಾರೂ ಅವಳನ್ನು ಅಡಿಗೆಯವಳು ಎಂದು ಕರೆಯಲಿಲ್ಲ.

ಎಂಬತ್ತೆಂಟರ ದೀಪಾವಳಿ ಕಳೆದ ಮೇಲೆ ಅನ್ನಕ್ಕ ಸತ್ತೇಗಾಲಕ್ಕೆ ಹೊರಟಳು. ಬರುವ ಮಾರ್ಚಿಗೆ ಅವಳ ಗಡುವು ಮುಗಿಯುತ್ತಿತ್ತು. ಅದರೊಳಗೆ ನಂಜಮ್ಮ ಮನೆ ಸೇರಬೇಕು ಎಂದು ಹಟ ತೊಟ್ಟಿದ್ದಳು.

ಶಿವಮಲ್ಲಪ್ಪ ತೋಟದಲ್ಲಿದ್ದ. ನಗುನಗುತ್ತ ಬಂದ. ಚಾಪೆ ಹಾಸಿಸಿದ, ಆಳನ್ನು ಮರ ಹತ್ತಿಸಿ ಎಳನೀರು ಕೆಡವಿಸಿದ, ಕೊಚ್ಚಿ ಅನ್ನಕ್ಕನ ಕೈಗೆ ತಾನೇ ಕೊಟ್ಟ. ಹಾಗೆ ಕೊಡುತ್ತ, ದನಿ ಏರಿಸದೆ, ನಗು ಕೆಡಿಸದೆ ಸದಾಶಿವಪ್ಪನಿಗೆ ಹೇಳಿದ:

"ನೋಡಿ ಅಣ್ಣಾರೆ, ಅವಳು ನಮ್ಮ ಪಾಲಿಗೆ ತೀರ್ಕಂಡ್ಲು. ನಂಟರಿಗೆಲ್ಲ ಅಂಗೇ ಏಳಿವಿ. ಕಾರ್ಯ ಮಾಡಿ ಊರಿಗೆ ಊಟ ಆಕಿ ನಾಕೊರ್ಸ ಆಯ್ತು. ಆಮ್ಯಾಕೆ ಈ ರುದ್ರಾಣಿನ ತಂದ್ಕಂಡೆ. ಮಗೀಗೆ ಇವ್ಳೇ ಅವ್ವ. ನೀವು ಅವ್ಳನ್ನ ಕರ್ಕಂಡು ಬಂದ್ರೆ ನಾನು ನೇಣಾಕ್ಕಬೇಕಾಯ್ತದೆ, ಇಲ್ಲ ಅವ್ಳಿಗೆ ಆಕಬೇಕಾಯ್ತದೆ. ಕುಡೀರಿ, ಎಳ್ನೀರು ಕುಡೀರಿ."

ಬಾಗಿಲಲ್ಲಿ ರುದ್ರಾಣಿ ನಿಂತಿದ್ದಳು. ಅವಳ ಸೆರಗು ಹಿಡಿದುಕೊಂಡು ಐದು ವರ್ಷದ ಯಶೋದ.

ಅನ್ನಕ್ಕ ಕಂಡದ್ದು ನಗು, ಎಳನೀರು, ಮುದ್ದಾದ ಮಗು, ಮಗುವನ್ನು ನೋಡಿಕೊಳ್ಳುವ ಯಾರೋ ನಾದಿನಿ. "ಏನಂತೆ?" ಎಂದು ಕೇಳಿದಳು. ಮುಖ ಬೆಳಗುತ್ತಿತ್ತು.

ಸದಾಶಿವಪ್ಪ ಎಳನೀರಿನ ಬುರುಡೆಯ ಒಳಗೆ ನೋಡಿದ. ಆಮೇಲೆ, "ಸಂಕ್ರಾಂತಿ ಕಳೀಲಿ ಅಂತಾರೆ" ಎಂದ.

ಅವನ ಲೆಕ್ಕ ಇಷ್ಟೇ: ಸಂಕ್ರಾಂತಿ ಬರಲಿ, ಆಗ 'ಶಿವರಾತ್ರಿ ಕಳೀಲಿ' ಅನ್ನೋಣ, ಅಷ್ಟರಲ್ಲಿ ಈ ಯಮ್ಮ ತನ್ನ ದೇಶಕ್ಕೆ ಹೋಗುತ್ತಾಳೆ. ಈ ಸೀಮೆಯಲ್ಲಿ ಹುಟ್ಟಿದ ಯಾವ ಕೂಸಿಗಾದರೂ ಗೊತ್ತು, 'ಹಬ್ಬ ಕಳೀಲಿ' ಅಂದರೆ ಮತ್ತೆ ಕೇಳಬಾರದು ಎಂದು. ಅನ್ನಕ್ಕ ಡೈರಿ ತೆಗೆದು ತಾರೀಖು ಬರೆದುಕೊಂಡಳು. ಜನವರಿ ಹದಿನೈದು, ಹಬ್ಬದ ಮಾರನೆಯ ದಿನ.

ಬರೆದುಕೊಂಡದ್ದಷ್ಟೇ ಆಗಿದ್ದರೆ ಸರಿ. ಆಸ್ಪತ್ರೆಗೆ ಬಂದವಳೇ ಸೀದಾ ಅಡಿಗೆಮನೆಗೆ ಹೋಗಿ ನಂಜಮ್ಮನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಗಂಡ ಒಪ್ಪಿದ್ದಾನೆ. ಸಂಕ್ರಾಂತಿ ಆದ ಮಾರನೆಯ ದಿನ ನೀನು ಮನೆಗೆ ಹೋಗುತ್ತಿದ್ದೀಯ" ಎಂದು ಹೇಳಿ, ಹೇಳು ಎಂಬಂತೆ ಸದಾಶಿವಪ್ಪನ ಕಡೆ ತಿರುಗಿದಳು.

ಅಲ್ಲಿ ನಿಲ್ಲಿಸಬಹುದಿತ್ತು. ಕನ್ನಡದಲ್ಲಿ ಏನು ಹೇಳಿದರೂ ಅನ್ನಕ್ಕನಿಗೆ ತಿಳಿಯುತ್ತಿರಲಿಲ್ಲ. ಇಷ್ಟು ದಿನ ಅಷ್ಟೊಂದು ಮಾತು ನುಂಗಿದವನಿಗೆ ಇದೊಂದನ್ನು ನುಂಗುವುದು ಕಷ್ಟವಿರಲಿಲ್ಲ. ಆದರೆ ಅವಳ ಮುಖ ಇಷ್ಟು ಹತ್ತಿರದಲ್ಲಿ ಅರಳಿಕೊಂಡಿರುವಾಗ ಅವನಿಗೆ ಧೈರ್ಯ ಬರಲಿಲ್ಲ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಒಂದೂವರೆ ವರ್ಷದಲ್ಲಿ ಅವನು ಒಬ್ಬರ ಮಾತನ್ನು ಆಡಿದಂತೆಯೇ ದಾಟಿಸಿದ್ದು ಅದೊಂದೇ ಸಲ.

ನಂಜಮ್ಮ ಕೈ ಬಿಡಿಸಿಕೊಂಡಳು. ಅವಳು ಅಳಲಿಲ್ಲ. "ಅಣ್ಣ, ಮಗಿನ ನೋಡುದ್ರಾ? ಎಷ್ಟುದ್ದ ಅವ್ಳೆ?" ಎಂದು ಕೇಳಿದಳು.

ಸದಾಶಿವಪ್ಪ ತನ್ನ ಸೊಂಟದ ಕೆಳಗೆ ಕೈ ಹಿಡಿದು ತೋರಿಸಿದ.

"ಅಷ್ಟುದ್ದವಾ!" ಎಂದಳು. ಅವಳ ಮನಸ್ಸಿನಲ್ಲಿ ಅದು ಇನ್ನೂ ತಿಂಗಳ ಕೂಸಾಗಿಯೇ ಇತ್ತು. ಮಾರನೆಯ ದಿನದಿಂದ ಹೊಲಿಗೆ ಕಲಿಸುವ ಕೋಣೆಯಲ್ಲಿ ಕೂತು ಹಳದಿ ಹೂವಿನ ಬಟ್ಟೆಯಲ್ಲಿ ಫ್ರಾಕು ಹೊಲಿಯತೊಡಗಿದಳು. ಉದ್ದ ಸರಿಯೋ ನೋಡಿ ಎಂದು ದಿನಕ್ಕೊಂದು ಸಲ ಅವನ ಸೊಂಟಕ್ಕೆ ಹಿಡಿದು ಅಳೆಯುವಳು. ಅವನು ನೆಟ್ಟಗೆ ನಿಂತು ಅಳತೆ ಕೊಡುವನು.

ಡಿಸೆಂಬರಿನಲ್ಲಿ ತಡೆಯಲಾರದೆ ಡಾಕ್ಟರ ಕೋಣೆಗೆ ಹೋದ. "ಸಾ, ಸತ್ತೇಗಾಲದ ಕೇಸು... ಅವ್ರಿಗೆ ಅಷ್ಟು ಮನಸ್ಸಿಲ್ಲ ಅನ್ಸುತ್ತೆ."

"ಒಪ್ಪಿದ್ದಾರೆ ಅಂತ ನೀನೇ ಹೇಳಿದ್ದಲ್ಲವೇನಯ್ಯ? ಅನ್ನಕ್ಕನವರು ಬರೆದಿದ್ದಾರೆ. ಫೆಬ್ರವರಿಗೆ ಅವರ ದೇಶದಿಂದ ದುಡ್ಡು ಕೊಡುವವರು ಆಸ್ಪತ್ರೆ ನೋಡಲು ಬರುತ್ತಿದ್ದಾರೆ. ಈಗ ಒಂದು ಹಸಿರನ್ನ ಕೆಂಪು ಮಾಡು ಅಂತೀಯಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಅರ್ಥವಾಯಿತು. ಅವರೂ ಈ ಸೀಮೆಯವರೇ, 'ಅಷ್ಟು ಮನಸ್ಸಿಲ್ಲ' ಎಂದರೆ ಎಷ್ಟು ಎಂದು ಗೊತ್ತಿದ್ದವರೇ. "ಹೋಗಿ ನೋಡಿ ಬನ್ನಿ" ಎಂದರು. ಅವರೂ ಇಲ್ಲ ಅನ್ನಲಿಲ್ಲ.

ಹಬ್ಬದ ಮಾರನೆಯ ದಿನ ಜೀಪು ಸತ್ತೇಗಾಲದ ಅಂಗಳಕ್ಕೆ ಬಂದು ನಿಂತಾಗ ಎತ್ತುಗಳ ಮೈಮೇಲೆ ಇನ್ನೂ ಅರಿಶಿನ ಇತ್ತು. ಮುಂದೆ ಅನ್ನಕ್ಕ, ಕೊರಳಲ್ಲಿ ಕ್ಯಾಮೆರಾ. ಹಿಂದೆ ನಂಜಮ್ಮ, ತಲೆಗೆ ಹೂ ಮುಡಿದು, ಮಡಿಲಲ್ಲಿ ಕಾಗದ ಸುತ್ತಿದ ಫ್ರಾಕು. ಅವಳ ಪಕ್ಕದಲ್ಲಿ ಸದಾಶಿವಪ್ಪ.

ಶಿವಮಲ್ಲಪ್ಪ ಹೊರಗೆ ಬಂದ. ಅವನ ಮುಖ ಒಂದು ಗಳಿಗೆ ಬೂದಿಯಾಯಿತು. ಆದರೆ ಬಿಳಿಯ ಅತಿಥಿ ಕೈಮುಗಿದದ್ದೇ ಅವನ ಕೈಗಳೂ ಮೇಲೆದ್ದವು, ನಗು ಬಂತು. "ಬನ್ನಿ, ಬನ್ನಿ. ಲೇ, ಎಳ್ನೀರು ಕೆಡವ್ಲಾ!" ಎಂದ. ನಂಜಮ್ಮನ ಕಡೆ ನೋಡಲಿಲ್ಲ. ಗೋಡೆಯನ್ನು ನೋಡುವವನು ಗೋಡೆಯನ್ನಾದರೂ ನೋಡುತ್ತಾನೆ. ಇವನು ಅವಳು ನಿಂತ ಜಾಗವನ್ನೇ ನೋಡಲಿಲ್ಲ.

ಮಗು ಓಡಿಬಂದು ರುದ್ರಾಣಿಯ ಕಾಲು ತಬ್ಬಿಕೊಂಡಿತು. "ಅವ್ವಾ, ಅವ್ರು ಯಾರು?"

ರುದ್ರಾಣಿ ನಂಜಮ್ಮನನ್ನು ನೋಡಿದಳು. ಆ ಮನೆಯಲ್ಲಿ ನೋಡಿದವಳು ಅವಳೊಬ್ಬಳೇ. ನೋಡಿ, ತಲೆ ತಗ್ಗಿಸಿ, "ಆಸ್ಪತ್ರೆಯೋರು ಕಣವ್ವ" ಎಂದಳು.

ಇದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ನಂಜಮ್ಮ ಬಾಗಿಲು ನೋಡಿದಳು, ಎಳನೀರು ಕೊಚ್ಚುವ ಮಚ್ಚನ್ನು ನೋಡಿದಳು, ಪಕ್ಕದಲ್ಲಿ ನಿಂತು ಬೆವರುತ್ತಿದ್ದ ಸದಾಶಿವಪ್ಪನನ್ನು ನೋಡಿದಳು. ಎರಡು ಹೆಜ್ಜೆ ಮುಂದೆ ಹೋಗಿ, ಮಗುವಿನಿಂದ ಒಂದು ಮಾರು ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ಪೊಟ್ಟಣ ಚಾಚಿದಳು.

"ತಕೊವ್ವ. ಆಸ್ಪತ್ರೆಯಿಂದ ಮಕ್ಕಳಿಗೆ ಕೊಡೋದು."

ಮಗು ಕಾಗದ ಬಿಚ್ಚಿ ಫ್ರಾಕನ್ನು ಮೈಮೇಲೆ ಹಿಡಿದು ನೋಡಿಕೊಂಡಿತು. ಅಳತೆ ಸರಿಯಾಗಿತ್ತು. ಅನ್ನಕ್ಕನ ಕ್ಯಾಮೆರಾ ಕ್ಲಿಕ್ ಎಂದಿತು.

ನಂಜಮ್ಮ ಎದ್ದು ಹೋಗಿ ಜೀಪಿನಲ್ಲಿ ಕೂತಳು. ಮಾದು ಆಗಲೇ ಗಾಡಿ ಶುರು ಮಾಡಿದ್ದ.

ಅನ್ನಕ್ಕ ಗಾಬರಿಯಾಗಿ ಓಡಿಬಂದಳು. "ಏನಾಯಿತು? ಇವಳು ಯಾಕೆ ಹಿಂದೆ ಬಂದಳು? ಕೇಳು, ಕೇಳು!"

ಕೇಳುವ ಮೊದಲೇ ನಂಜಮ್ಮ ಹೇಳಿದಳು. "ಏಳಿ ಅಣ್ಣ. ನೀವು ಏನು ಕೇಳುದ್ರಿ, ಅವ್ರು ಏನು ಅಂದ್ರು, ಈಗ್ಲಾದ್ರೂ ಇದ್ದುದ್ದು ಇದ್ದಂಗೆ ಏಳಿ ಆ ಯಮ್ಮಂಗೆ."

ಸದಾಶಿವಪ್ಪ ಬಾಯಿ ತೆರೆದ. ಹೇಳಿದರೆ ಏನೇನು ಹೇಳಬೇಕು? ಇವತ್ತಿನದಷ್ಟೇ ಅಲ್ಲ. ಶಾಗ್ಯದ ಮುದುಕಿಯಿಂದ ಹಿಡಿದು ಗೋಡೆಯ ಹಸಿರೆಲ್ಲ ಕಿತ್ತು ಬರುತ್ತದೆ. ಆ ಹುಡುಗಿಯ ಎರಡು ವರ್ಷ ಅವಳ ಕಣ್ಣೆದುರೇ ಸುಳ್ಳಾಗುತ್ತದೆ. ಅಂಗಳದಲ್ಲಿ ಶಿವಮಲ್ಲಪ್ಪ ಎಳನೀರು ಹಿಡಿದು ಇನ್ನೂ ನಗುತ್ತ ನಿಂತಿದ್ದ.

"ಅವಳಿಗೆ ಈಗ ಆಸ್ಪತ್ರೆಯೇ ಮನೆಯಂತೆ, ನಿಮ್ಮೆಲ್ಲರನ್ನು ಬಿಟ್ಟು ಇರಲಾರಳಂತೆ" ಎಂದ.

ಅನ್ನಕ್ಕ ಜೀಪು ಹತ್ತಿ ನಂಜಮ್ಮನನ್ನು ತಬ್ಬಿಕೊಂಡು ಅತ್ತಳು. ನಂಜಮ್ಮ ಮರದ ಕೊರಡಿನಂತೆ ತಬ್ಬಿಸಿಕೊಂಡಳು. ಕೊಳ್ಳೇಗಾಲ ದಾಟುವವರೆಗೂ ಅವಳು ಸದಾಶಿವಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಆ ಸಂಜೆ ಅವಳ ಫೈಲಿನಲ್ಲಿ ಒಂದು ಸಾಲು ಬಿತ್ತು: 'ರೋಗಿಯು ಸ್ವಇಚ್ಛೆಯಿಂದ ಮನೆಗೆ ಹೋಗಲು ನಿರಾಕರಿಸಿರುತ್ತಾರೆ.' ಕೆಳಗೆ ಡಾಕ್ಟರ ಸಹಿ, ಸಾಕ್ಷಿ ಸದಾಶಿವಪ್ಪ. ಹಾಗೆ ಬರೆದ ಮೇಲೆ ಮುಗಿಯಿತು. ಮಾರ್ಚಿನಲ್ಲಿ ಅನ್ನಕ್ಕ ಹೊರಟುಹೋದಳು. ಆಮೇಲೆ ಬಂದ ಡಾಕ್ಟರುಗಳೆಲ್ಲ ಆ ಸಾಲು ಓದಿ ಫೈಲು ಮುಚ್ಚಿದರು. ಯಾಕೆ ನಿರಾಕರಿಸಿದಿರಿ ತಾಯಿ ಎಂದು ಒಬ್ಬರೂ ಅಡಿಗೆಮನೆಗೆ ಹೋಗಿ ಕೇಳಲಿಲ್ಲ. ಮುದ್ದೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಹದಿನೈದು ವರ್ಷ. ನಂಜಮ್ಮ ಸದಾಶಿವಪ್ಪನಿಗೆ ಊಟ ಬಡಿಸುವುದನ್ನು ಬಿಡಲಿಲ್ಲ, ಅಣ್ಣ ಎನ್ನುವುದನ್ನೂ ಬಿಡಲಿಲ್ಲ. ಅದಕ್ಕಿಂತ ಬೈದಿದ್ದರೆ ಅವನಿಗೆ ಸುಖವಾಗುತ್ತಿತ್ತು. ಎರಡು ಸಾವಿರದ ಮೂರರಲ್ಲಿ ಯಶೋದಳನ್ನು ಯಳಂದೂರಿಗೆ ಕೊಟ್ಟರು. ಲಗ್ನಪತ್ರಿಕೆ ಮಾದುವಿನ ಕೈಗೆ ಎಲ್ಲಿಂದಲೋ ಸಿಕ್ಕಿತು. ಹುಡುಗಿಯ ಹೆಸರಿನ ಕೆಳಗೆ, 'ದಿವಂಗತ ಶಿವನಂಜಮ್ಮ ಮತ್ತು ಶಿವಮಲ್ಲಪ್ಪನವರ ಪುತ್ರಿ'. ಸದಾಶಿವಪ್ಪ ಅದನ್ನು ಬಚ್ಚಿಡಲು ಹೋದ. ಮಾದು ಕಿತ್ತುಕೊಂಡು, "ಇದನ್ನೂ ಒಟ್ಟೆಗೆ ಆಕ್ಕತೀಯಾ?" ಎಂದು ಹೋಗಿ ನಂಜಮ್ಮನಿಗೇ ಕೊಟ್ಟ. ಓದಲು ಬಾರದವಳು ಮಾದುವಿನಿಂದಲೇ ಓದಿಸಿ ಕೇಳಿಸಿಕೊಂಡಳು. ಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನವನ್ನು ಬೆರಳಿಂದ ಸವರಿ ಕೆನ್ನೆಗೆ ಹಚ್ಚಿಕೊಂಡಳು. ಆ ದಿನವೂ ಅರವತ್ತು ಜನರಿಗೆ ಊಟವಾಯಿತು.

ಮಾರನೆಯ ವರ್ಷ ಫೆಬ್ರವರಿಯಲ್ಲಿ ಅನ್ನಕ್ಕ ಮತ್ತೆ ಬಂದಳು. ಕನ್ನಡಕ ಬಂದಿತ್ತು, ಕೂದಲು ಅರ್ಧ ನರೆತಿತ್ತು. ಕನ್ನಡ ಅಂದಿನಷ್ಟೇ: ನಮಸ್ಕಾರ, ಸಾಕು, ಊಟ. ಮಧ್ಯಾಹ್ನ ಅಡಿಗೆಮನೆಯ ಜಗಲಿಯಲ್ಲಿ ನಂಜಮ್ಮನ ಪಕ್ಕ ಕೂತು ಒಂದು ಫೋಟೋ ತೆಗೆದು ಕೊಟ್ಟಳು. ಹಳದಿ ಫ್ರಾಕು ಹಿಡಿದ ಮಗು, ಎದುರಿಗೆ ಕುಕ್ಕರಗಾಲಲ್ಲಿ ಕೂತ ನಂಜಮ್ಮ.

"ಇವಳ ಕಥೆಯನ್ನು ನನ್ನ ದೇಶದಲ್ಲಿ ನೂರಾರು ಜನಕ್ಕೆ ಹೇಳಿದ್ದೇನೆ" ಎಂದಳು ಸದಾಶಿವಪ್ಪನಿಗೆ. "ತನ್ನ ಬದುಕನ್ನು ತಾನೇ ಆರಿಸಿಕೊಂಡ ಹೆಂಗಸು ಅಂತ. ಅವಳಿಗೆ ಹೇಳು."

ಸದಾಶಿವಪ್ಪ ಅನ್ನಕ್ಕನ ಕಡೆಗೇ ತಿರುಗಿದ. ಇಂಗ್ಲಿಷಿನಲ್ಲಿ ಶುರುಮಾಡಿದ. "ಮೇಡಂ, ಆ ದಿನ ನಾನು..."

ನಂಜಮ್ಮ ಫೋಟೋದಿಂದ ತಲೆ ಎತ್ತಿದಳು. ಇಂಗ್ಲಿಷು ಬಾರದಿದ್ದರೂ ಇಪ್ಪತ್ತು ವರ್ಷ ನೋಡಿದ ಮುಖ ಅದು.

"ಏನು ಏಳಾಕ್ ಒಂಟ್ರಿ ಅಣ್ಣ?"

"ಇದ್ದುದ್ದು ಇದ್ದಂಗೆ ಏಳ್ಬುಡ್ತೀನಿ ಕಣವ್ವ. ಇನ್ ತಡಕಳಾಕೆ ಆಗಾಕಿಲ್ಲ ನನ್ ಕೈಲಿ."

"ಬ್ಯಾಡ."

ಅವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಸೀಮೆಯಲ್ಲಿ ಬೈಯದೆ ಅಷ್ಟು ನೇರವಾಗಿ ಅಂಥ ಮಾತನ್ನು ಯಾರೂ ಅವನ ಮುಖಕ್ಕೆ ಹೇಳಿರಲಿಲ್ಲ.

"ಅವತ್ತು ಜೀಪ್ನಲ್ಲಿ ಕೂತ್ಕಂಡು ಏಳಿ ಅಂದೆ. ಅವತ್ತು ಏಳಿದ್ರೆ ನಂಗೆ ಆಯ್ತಿತ್ತು. ಈ ಯಮ್ಮ ಇನ್ನೂ ಎಲ್ಡು ತಿಂಗ್ಳು ಇಲ್ಲೇ ಇದ್ಲು. ಪಂಚಾಯ್ತಿಗೋ ಕೋಲ್ಟಿಗೋ ಎಲ್ಲಿಗಾರೂ ಎಳೀತಿದ್ಲು ನನ್ನ, ನಾನು ಬದುಕಿವ್ನಿ ಅಂತನಾದ್ರೂ ಬರೆಸ್ತಿದ್ಲು. ಇವತ್ತು ಏಳಿದ್ರೆ ನಿಮ್ ಒಟ್ಟೆ ಅಗುರಾಯ್ತದೆ. ಅವ್ಳ ಒಟ್ಟೆ ಉರೀತದೆ. ನಂಗೇನು ಬಂತು?"

ನಂಜಮ್ಮ ಒಲೆಯ ಕಡೆ ನೋಡಿದಳು.

"ಮಡಿಕಳಿ ನಿಮ್ಮತ್ರನೇ. ಇಷ್ಟೊರ್ಸ ಮಡಿಕಂಡಿದ್ರಿ." ಫೋಟೋವನ್ನು ಸೆರಗಿನಲ್ಲಿ ಒರೆಸಿ ರವಿಕೆಯೊಳಗೆ ಸೇರಿಸಿಕೊಂಡು ಎದ್ದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

ಅನ್ನಕ್ಕ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಕಣ್ಣಲ್ಲಿ ಅದೇ ಹಳೆಯ ಬೆಳಕು.

"ಏನು ಹೇಳಿದಳು?" ಎಂದು ಕೇಳಿದಳು.

ಒಳಗೆ ಮುದ್ದೆ ಕೋಲು ಪಾತ್ರೆಗೆ ಬಡಿಯುವ ಸದ್ದು ಶುರುವಾಯಿತು. ಸದಾಶಿವಪ್ಪ ಅದನ್ನೇ ಕೇಳುತ್ತ ಹೇಳಿದ:

"ಊಟ ಮಾಡ್ಕೊಂಡು ಹೋಗಿ ಅಂತಾಳೆ."